ಹಲ್ಲು ನೋಡಿ, ಬೆನ್ನೂ ನೋಡಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ನಿಂತ ಮೇಲೆ ಬೀರೂರು, ತರೀಕೆರೆಯ ಅಡಿಕೆ ಮಂಡಿಗಳಲ್ಲಿ, ಕಡೂರಿನ ಕೊಬ್ಬರಿ ವರ್ತಕರಲ್ಲಿ ಒಂದೇ ಪ್ರಶ್ನೆ: ‘ಹೊಸ ಕಂಪ್ಯೂಟರ್ ತಗೊಳ್ಳೋಣ್ವಾ ಸಾರ್?’

ತಗೊಳ್ಳಿ. ಆದರೆ ಅಂಗಡಿಯವನು ‘ಐ5 ಪ್ರೊಸೆಸರ್ ಇದೆ’ ಎಂದ ಕೂಡಲೇ ತಲೆಯಾಡಿಸಬೇಡಿ. ಅಜ್ಜಂಪುರದ ಅಮೃತ್ ಮಹಲ್ ದನಗಳ ತಳಿ ಕೇಂದ್ರದ ಸೀಮೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿ ಕೂಡಿದೆಯೋ ನೋಡದೆ ಅವರು ಹೋರಿಗೆ ಬೆಲೆ ಕಟ್ಟುವುದಿಲ್ಲ. ಪ್ರೊಸೆಸರಿನ ವಯಸ್ಸು ಹೇಳುವ ಹಲ್ಲು ಅದರ ಸಂಖ್ಯೆಯಲ್ಲಿದೆ. ಐ5-4570 ಎಂದರೆ ನಾಲ್ಕನೇ ತಲೆಮಾರು, 2013ರ ಮಾಲು. ಐ5-12400 ಎಂದರೆ ಹನ್ನೆರಡನೆಯದು, 2022ರದ್ದು. ಎರಡೂ ಐ5. ಇಂಟೆಲ್‌ನಲ್ಲಿ ವಿಂಡೋಸ್ 11 ಬೇಡುವುದು ಹೆಚ್ಚುಕಡಿಮೆ ಎಂಟನೇ ತಲೆಮಾರು ಮತ್ತು ಮೇಲಿನದನ್ನು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯನ್ನು. ರಿಫರ್ಬಿಶ್ಡ್ ಎಂದು ಅಗ್ಗಕ್ಕೆ ಕೊಡುವವರ ಮುಂದೆ ‘ಎಷ್ಟನೇ ತಲೆಮಾರು?’ ಎಂಬ ಒಂದು ಪ್ರಶ್ನೆ ಸಾಕು. 2023ರ ಡಿಸೆಂಬರ್‌ನಲ್ಲಿ ‘ಕೋರ್ ಅಲ್ಟ್ರಾ’ ಬಂದು, ಅದರಲ್ಲಿ ‘ಐ’ ಹೋಗಿ, ಎಣಿಕೆ ಹೊಸದಾಗಿ ಶುರುವಾಗಿದೆ. ಅಲ್ಲೂ ಪೂರ್ತಿ ಸಂಖ್ಯೆ ಕೇಳಿ, ಕೊಟೇಶನ್ನಿನಲ್ಲಿ ಬರೆಸಿಕೊಳ್ಳಿ.

ಯೂಟ್ಯೂಬಿನ ವಿಮರ್ಶಕರ ಮೇಲೆ ನನಗೆ ಸಿಟ್ಟಿದೆ. ಬಣ್ಣದ ದೀಪ ಮಿನುಗಿಸಿ, ಆಟ ಆಡಿಸಿ ತೋರಿಸುವ ಇವರಲ್ಲಿ ಒಬ್ಬನಾದರೂ ಯಂತ್ರವನ್ನು ತಿರುಗಿಸಿ ಬೆನ್ನು ತೋರಿಸುತ್ತಾನೆಯೇ? ವ್ಯಾಪಾರದವರಿಗೆ ಬೇಕಾದದ್ದು ಅಲ್ಲೇ. ತೂಕದ ಯಂತ್ರದಿಂದ ಬರುವ ಒಂಬತ್ತು ಪಿನ್ನಿನ ಕೇಬಲ್ ಸೀರಿಯಲ್ ಪೋರ್ಟ್ ಹುಡುಕುತ್ತದೆ. ಹೊಸ ಡಬ್ಬದ ಹಿಂದೆ ಸಾಮಾನ್ಯವಾಗಿ ಅದಿರುವುದಿಲ್ಲ. ‘ಕನ್ವರ್ಟರ್ ಹಾಕ್ಕೊಳಿ’ ಎಂದು ಅಗ್ಗದ್ದೊಂದು ಕೊಡುತ್ತಾರೆ. ಇಂಥ ಹಲವು ಕನ್ವರ್ಟರ್‌ಗಳೊಳಗೆ ಪ್ರೊಲಿಫಿಕ್ ಕಂಪನಿಯ ಹಳೆಯ ಚಿಪ್, ಇಲ್ಲವೇ ಅದರ ನಕಲು. ವಿಂಡೋಸ್ 11ರಲ್ಲಿ ಚುಚ್ಚಿದರೆ, ಈ ಚಿಪ್ 2012ಕ್ಕೇ ನಿಂತಿದೆ, ಮಾರಿದವರನ್ನು ಕೇಳಿ ಎಂಬರ್ಥದ ಸಾಲು ಡಿವೈಸ್ ಮ್ಯಾನೇಜರ್‌ನಲ್ಲಿ ಬಂದು ಕೂರುತ್ತದೆ. ಹೊರಗೆ ಲಾರಿ ಕಾಯುತ್ತಿರುತ್ತದೆ.

ಇದಕ್ಕೆ ದಾರಿಯಿದೆ. ಅನೇಕ ಡೆಸ್ಕ್‌ಟಾಪ್ ಮದರ್‌ಬೋರ್ಡ್‌ಗಳಲ್ಲಿ ಸೀರಿಯಲ್ ಪೋರ್ಟಿನ ಪಿನ್ನುಗಳು ಈಗಲೂ ಒಳಗೆ ಇರುತ್ತವೆ. ಸಣ್ಣ ಬ್ರಾಕೆಟ್ ಕೇಬಲ್ ಹಾಕಿಸಿದರೆ ಆಯಿತು. ಅಂದಕ್ಕೆಂದು ಆಲ್-ಇನ್-ಒನ್ ಕೊಂಡವರಿಗೆ ಈ ಭಾಗ್ಯವಿಲ್ಲ. ಕನ್ವರ್ಟರೇ ಬೇಕಾದರೆ ಎಫ್‌ಟಿಡಿಐ ಚಿಪ್ಪಿನದು ಕೇಳಿ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರನ್ನೂ ಗುಜರಿಗೆ ಹಾಕಬೇಡಿ. ಸೂಜಿ ಬಡಿದು ಮೂರು ಪ್ರತಿ ಬಿಲ್ಲು ಒಟ್ಟಿಗೆ ಮೂಡಿಸುವುದು ಯಾವ ಲೇಸರಿಗೂ ಆಗದ ಕೆಲಸ. ಹೊಸ ಯಂತ್ರದಲ್ಲಿ ಅದರ ಡ್ರೈವರ್ ನಡೆಯುತ್ತದೆಯೇ ಎಂದು ಮೊದಲೇ ಕೇಳಿದರಾಯಿತು.

‘ಕಾದರೆ ಬೆಲೆ ಇಳಿಯುತ್ತೆ’ ಎಂಬ ಹಳೆಯ ಲೆಕ್ಕವೂ ಈಗ ನಡೆಯದು. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ ಬಾಚಿಕೊಂಡದ್ದರಿಂದ 2025ರ ಕೊನೆಗೆ ರ್‍ಯಾಮ್ ದರ ಏರಿತು. ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ ಗ್ರಾಹಕರಿಗೆ ಮಾರುತ್ತಿದ್ದ ‘ಕ್ರೂಷಲ್’ ವ್ಯವಹಾರದಿಂದಲೇ ಹೊರಬರುವುದಾಗಿ ಸಾರಿತು. ಹಳೆಯ ಯಂತ್ರದ ರ್‍ಯಾಮ್ ಹೊಸದಕ್ಕೆ ಹೊಂದುತ್ತದೆಯೇ, ಹೊಸ ಯಂತ್ರ ಡಿಡಿಆರ್4 ಬೇಡುತ್ತದೋ ಡಿಡಿಆರ್5 ಬೇಡುತ್ತದೋ ವಿಚಾರಿಸಿ.

ಹೊಸ ಮಾಲಿನ ಸುದ್ದಿ ಓದುವಾಗ ಏನು ಬಂತು ಎನ್ನುವುದಕ್ಕಿಂತ ಏನು ಹೋಯಿತು ಎಂದು ನೋಡುವವನೇ ಜಾಣ ವ್ಯಾಪಾರಿ. ಅಂಗಡಿಗೆ ಹೊರಡುವ ಮುನ್ನ ನಿಮ್ಮ ಹಳೆಯ ಕಂಪ್ಯೂಟರಿನ ಬೆನ್ನಿನ ಫೋಟೊ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಅದನ್ನು ತೋರಿಸಿ, ಪ್ರತಿ ವೈರಿಗೂ ಉತ್ತರ ಸಿಕ್ಕ ಮೇಲಷ್ಟೇ ಮುಂಗಡ ಕೊಡಿ.