ಜೀವಾಣುವಿಗೆ ಗೊಬ್ಬರವೆಂಬ ಹೆಸರು

ಬೇಸಾಯವನ್ನು ಕುರಿತು ಕನ್ನಡದಲ್ಲಿ ಹೊರಡುತ್ತಿರುವ ಕೈಪಿಡಿಗಳನ್ನೂ ಕರಪತ್ರಗಳನ್ನೂ ಸಾಹಿತ್ಯವೆಂದು ಎಣಿಸುವ ವಾಡಿಕೆ ನಮ್ಮಲ್ಲಿಲ್ಲ. ಆದರೆ ಕಾವ್ಯದಲ್ಲಿ ಪದವೊಂದು ತಪ್ಪಿದರೆ ರಸಭಂಗವಾಗುವುದು. ಇವುಗಳಲ್ಲಿ ತಪ್ಪಿದರೆ ಬೆಳೆಗೇ ಹಾನಿ. ಆದುದರಿಂದ ಈ ಗದ್ಯವೂ ವಿಮರ್ಶೆಗೆ ಅರ್ಹವೆಂದು ಭಾವಿಸಿ, ಪೈರಿನ ಬೇರಿನಲ್ಲಿ ನೆಲೆಸಿ ಅದಕ್ಕೆ ಉಪಕರಿಸುವ ಮಣ್ಣಿನ ಜೀವಾಣುಗಳ ವಿಷಯದಲ್ಲಿ ಬಳಕೆಗೆ ಬಂದಿರುವ ಕೆಲವು ಪದಗಳನ್ನು ಇಲ್ಲಿ ಪರೀಕ್ಷಿಸುತ್ತೇವೆ. ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿಯ ಸೀಮೆಯಲ್ಲಿ ಮಸಾರಿ ನೆಲವೂ ಅದರಲ್ಲಿ ಬೆಳೆಯುವ ಶೇಂಗಾವೂ ಈ ಪರೀಕ್ಷೆಗೆ ಒಳ್ಳೆಯ ಒರೆಗಲ್ಲು.

ಸಂಸ್ಕೃತದಲ್ಲಿ ಮರಕ್ಕೆ ಪಾದಪವೆಂದು ಹೆಸರು. ಪಾದದಿಂದ ಕುಡಿಯತಕ್ಕದ್ದು ಎಂದು ಯೋಗಾರ್ಥ. ಅರ್ಥವು ಸುಂದರವಾಗಿದ್ದರೂ ಪೂರ್ಣವಲ್ಲ. ಬೇರು ಕುಡಿಯುವುದಷ್ಟೇ ಅಲ್ಲ, ಉಣಿಸುವುದೂ ಉಂಟು. ಎಲೆಯಲ್ಲಿ ಸಿದ್ಧವಾದ ಸಕ್ಕರೆಯಲ್ಲಿ ಒಂದಂಶವೂ ಬಗೆಬಗೆಯ ಆಮ್ಲಗಳೂ ಬೇರಿನಿಂದ ಮಣ್ಣಿಗೆ ಒಸರುತ್ತವೆ. ಈ ಒಸರನ್ನು ಅರಸಿ ಬಂದ ಜೀವಾಣುಗಳು ಬೇರಿನ ಮೈಗೆ ಅಂಟಿಕೊಂಡು, ತಾವೇ ಸ್ರವಿಸಿದ ಲೋಳೆಯೊಳಗೆ ಗುಂಪುಗೂಡಿ ಹೆಚ್ಚುತ್ತವೆ. ಬೇರಿನ ಪ್ರಭಾವಕ್ಕೆ ಒಳಗಾದ ಆ ಮಣ್ಣಿಗೆ ಜರ್ಮನಿಯ ಹಿಲ್ಟ್‌ನರನು ೧೯೦೪ರಲ್ಲಿ ರೈಜೋಸ್ಫಿಯರ್ ಎಂದು ಹೆಸರಿಟ್ಟನು. ಅಲ್ಲಿಯ ಜೀವಾಣುಗಳಲ್ಲಿ ಕೆಲವು ಕರಗದ ರಂಜಕವನ್ನು ಕರಗಿಸುತ್ತವೆ. ಅಜೋಸ್ಪಿರಿಲಮ್ ಎಂಬುದು ಜೋಳವೇ ಮೊದಲಾದ ಪೈರುಗಳ ಬೇರು ಹೆಚ್ಚಾಗಿ ಕವಲೊಡೆಯುವಂತೆ ಮಾಡುತ್ತದೆ. ದ್ವಿದಳ ಸಸ್ಯಗಳ ಬೇರನ್ನು ಹೊಕ್ಕವು ಗಾಳಿಯ ಸಾರಜನಕವನ್ನು ಸಸ್ಯಕ್ಕೆ ಒಗ್ಗುವ ರೂಪಕ್ಕೆ ತರುತ್ತವೆ. ಹೀಗೆ ನೆಲೆಸುವುದನ್ನು ಕೆಲವರು ‘ವಸಾಹತು’ ಎನ್ನುತ್ತಾರೆ. ಇತಿಹಾಸದ ಪುಸ್ತಕಗಳಲ್ಲಿ ಆ ಪದಕ್ಕೆ ಅಂಟಿರುವ ಆಕ್ರಮಣದ ವಾಸನೆ ಇಲ್ಲಿ ಬೇಡವಾದದ್ದು. ಭೂಮಿಯಲ್ಲಿದ್ದು, ಗೇಯ್ದು, ಪಾಲು ಕೊಟ್ಟು ಪಾಲು ಉಣ್ಣುವವನಿಗೆ ಒಕ್ಕಲೆಂಬ ಪದವು ನಮ್ಮಲ್ಲಿರುವಾಗ, ಜೀವಾಣುವು ಬೇರಿಗೆ ಒಕ್ಕಲಾಯಿತೆಂದರೆ ಎಲ್ಲವೂ ಹೇಳಿದಂತಾಗುವುದು.

ಜೀವಾಣುವು ಬೇರಿನ ರೋಮದ ಮೂಲಕ ಒಳಹೊಗುವುದೆಂದು ಪಾಠಪುಸ್ತಕಗಳಲ್ಲಿ ಸಾಮಾನ್ಯವಾಗಿ ಹೇಳಿರುತ್ತದೆ. ಲಕ್ಷಣವಾಗಿ ಹಿಡಿದರೆ ಇದಕ್ಕೆ ಅವ್ಯಾಪ್ತಿದೋಷವುಂಟು. ಶೇಂಗಾದಲ್ಲಿ ಪಕ್ಕದ ಬೇರು ಹೊರಹೊಮ್ಮುವಾಗ ಆಗುವ ಬಿರುಕೇ ಬಾಗಿಲು. ಗಂಟುಗಳು ಆ ಕವಲುಗಳ ಬುಡದಲ್ಲಿಯೇ ಕಾಣುವುದಕ್ಕೆ ಇದೇ ಕಾರಣ. ಹಗರಿಬೊಮ್ಮನಹಳ್ಳಿಯ ವಿದ್ಯಾರ್ಥಿಗೆ ಬಟಾಣಿಯ ವೃತ್ತಾಂತವನ್ನು ಓದಿಸಿ ಶೇಂಗಾವನ್ನು ಬಿಟ್ಟರೆ, ತನ್ನ ಹೊಲದ ಗಿಡವೇ ಅವನಿಗೆ ಅಪವಾದವಾಗಿ ತೋರುವುದು.

‘ಬೇರುಗಂಟು’ ಎಂಬ ಪದದಲ್ಲಿರುವುದು ಅತಿವ್ಯಾಪ್ತಿ. ಗಂಟು ಎಂದರೆ ಕೂಡಿಟ್ಟ ಹಣವೆಂದೂ ಅರ್ಥವಿರುವುದರಿಂದ, ಸಾರಜನಕದ ಈ ಸಂಚಯಕ್ಕೆ ಹೆಸರು ಅನ್ವರ್ಥವೇ. ಆದರೆ ದಾಳಿಂಬೆಯ ಬೇರನ್ನು ಕೆಡಿಸುವ ಜಂತುಹುಳುವಿನ ಬಾಧೆಗೂ ಬೇರುಗಂಟು ರೋಗವೆಂದೇ ಹೆಸರು. ಉಪಕಾರಿಗೂ ಅಪಕಾರಿಗೂ ಹೆಸರು ಒಂದೇ ಆದರೆ ರೈತನು ಏನನ್ನು ಕೀಳಬೇಕು, ಏನನ್ನು ಉಳಿಸಬೇಕು? ವ್ಯತ್ಯಾಸವು ಕಣ್ಣಿಗೆ ಕಾಣತಕ್ಕದ್ದು. ಜೀವಾಣುವಿನ ಗಂಟು ಬೇರಿನ ಪಕ್ಕದಲ್ಲಿ ಅಂಟಿದ್ದು ಸುಲಭವಾಗಿ ಕಳಚುತ್ತದೆ; ಕೆಲಸ ಮಾಡುತ್ತಿರುವ ಗಂಟನ್ನು ಸೀಳಿದರೆ ಒಳಗೆ ಕೆಂಪು, ನಮ್ಮ ರಕ್ತದ ವರ್ಣದ್ರವ್ಯಕ್ಕೆ ಸಜಾತೀಯವಾದ ವಸ್ತುವಿನಿಂದ ಬಂದದ್ದು. ಹುಳುವಿನ ಗಂಟಾದರೋ ಬೇರೇ ಊದಿಕೊಂಡದ್ದು; ಅದು ಕಳಚದು. ಮೊದಲನೆಯದನ್ನು ‘ಸಾರಗಂಟು’, ಎರಡನೆಯದನ್ನು ‘ಹುಳುಗಂಟು’ ಎಂದರೆ ಸಂದೇಹವು ತಪ್ಪುವುದು.

ಇವೆಲ್ಲಕ್ಕಿಂತ ಹೆಚ್ಚಿನ ಹಾನಿ ‘ಜೈವಿಕ ಗೊಬ್ಬರ’ ಎಂಬ ಪದದಿಂದ. ಇದಕ್ಕೆ ಕಾನೂನಿನ ಆಸರೆಯೂ ಇದೆ. ೧೯೮೫ರ ರಸಗೊಬ್ಬರ ನಿಯಂತ್ರಣ ಆದೇಶದೊಳಗೆ ೨೦೦೬ರಲ್ಲಿ ಇವನ್ನು ಸೇರಿಸಿದರು. ಅದೇ ಆದೇಶವು ಪುಡಿರೂಪದ ರೈಜೋಬಿಯಮಿನಲ್ಲಿ ಗ್ರಾಂ ಒಂದಕ್ಕೆ ೫ ಕೋಟಿ ಜೀವಂತ ಕೋಶಗಳಾದರೂ ಇರಬೇಕೆಂದು ವಿಧಿಸುತ್ತದೆ. ಜೀವಂತವಾಗಿರಬೇಕೆಂಬ ವಿಧಿ ಯೂರಿಯಾಕ್ಕೆ ಇದೆಯೇ? ಗೊಬ್ಬರವೆಂದೊಡನೆ ಮೂಟೆ, ಉಗ್ರಾಣ, ಎರಚುವುದು, ಹೆಚ್ಚು ಹಾಕಿದರೆ ಹೆಚ್ಚು ಫಲ ಎಂಬ ಭಾವನೆಗಳು ತಾವಾಗಿ ಬರುತ್ತವೆ. ‘ಜೈವಿಕ’ ಎಂಬ ವಿಶೇಷಣವು ಅವನ್ನು ತಡೆಯಲಾರದು. ಬೇಸಗೆಯಲ್ಲಿ ೪೦ ಡಿಗ್ರಿಯನ್ನು ಮೀರುವ ಸೀಮೆಯಲ್ಲಿ ತಗಡಿನ ಮಾಡಿನ ಕೆಳಗಿಟ್ಟ ಪೊಟ್ಟಣದೊಳಗಿನ ಜೀವಾಣು ಬಿತ್ತನೆಗೆ ಮುಂಚೆಯೇ ಸತ್ತಿರುವುದು. ರೈತನು ಕೈಪಿಡಿಯ ಪದವನ್ನು ನಂಬಿದನು, ಅವನದೇನು ತಪ್ಪು?

ಹಾಗಾದರೆ ಯಾವ ಪದ? ಹನ್ನೊಂದನೆಯ ಶತಮಾನದ ಚಾವುಂಡರಾಯನ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದವಿದೆಯೆಂದು, ಅಲ್ಲಿಯೇ ಇದೂ ಸಿಕ್ಕುವುದೆಂದು ಕೆಲವರು ಉತ್ಸಾಹಪಡಬಹುದು. ಪ್ರಾಚೀನರು ಫಲವನ್ನು ಕಂಡಿದ್ದರು, ಜೀವಾಣುವನ್ನು ಕಂಡಿರಲಿಲ್ಲ. ಕಾಣದ ವಸ್ತುವಿಗೆ ಅವರಿಂದ ಹೆಸರನ್ನು ಬೇಡುವುದು ಅವರಿಗೆ ಗೌರವವಲ್ಲ. ಪದವು ನಮ್ಮ ಅಡಿಗೆಮನೆಯಲ್ಲಿಯೇ ಇದೆ: ಹೆಪ್ಪು. ಹಾಲಿಗೆ ಹಾಕುವ ಹೆಪ್ಪೂ ಜೀವಾಣುವೇ. ಅದು ಸ್ವಲ್ಪ ಸಾಕು, ಹೊಸದಾಗಿರಬೇಕು, ಸುಡುವ ಹಾಲಿಗೆ ಹಾಕಬಾರದು ಎಂಬುದನ್ನು ಯಾವ ಗೃಹಿಣಿಗೂ ಕಲಿಸಬೇಕಾಗಿಲ್ಲ. ‘ಬೀಜಕ್ಕೆ ಹೆಪ್ಪು’ ಎಂದರೆ, ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಲೇಪಿಸಿ, ನೆರಳಿನಲ್ಲಿ ಆರಿಸಿ, ತಡಮಾಡದೆ ಬಿತ್ತುವ ವಿಧಾನದ ಕಾರಣವು ಹೆಸರಿನಲ್ಲಿಯೇ ಅಡಗಿರುವುದು. ಶಿಲೀಂಧ್ರನಾಶಕವನ್ನು ಹಚ್ಚುವುದಾದರೆ ಮೊದಲು ಅದು, ಕಡೆಯಲ್ಲಿ ಹೆಪ್ಪು ಎಂಬ ಕ್ರಮವೂ ಸುಲಭವಾಗಿ ನೆನಪಿನಲ್ಲಿ ನಿಲ್ಲುವುದು.

ಪದವು ಗ್ರಾಮ್ಯವೆಂದು ಆಕ್ಷೇಪಿಸುವವರು ಇರಬಹುದು. ಗ್ರಾಮ್ಯತ್ವವು ಕಾವ್ಯದೋಷ, ಕೃಷಿಶಾಸ್ತ್ರಕ್ಕೆ ಅದನ್ನು ಅನ್ವಯಿಸುವುದು ವಿನೋದವೇ ಸರಿ. ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ. ಹೆಪ್ಪು ಹಾಕುವುದು ಕಾಸಿದ ಹಾಲಿಗೆ. ಮಣ್ಣು ಕಾಸದ ಹಾಲು. ಬಹುಕಾಲ ಶೇಂಗಾ ಬೆಳೆದ ಹೊಲದಲ್ಲಿ ಹಳೆಯ ಒಕ್ಕಲುಗಳು ಮೊದಲೇ ಬೀಡುಬಿಟ್ಟಿರುತ್ತವೆ. ಅವು ಸಾರಜನಕವನ್ನು ಕೊಡುವುದರಲ್ಲಿ ಮಂದವಾಗಿದ್ದರೂ ಬೇರನ್ನು ಹಿಡಿಯುವುದರಲ್ಲಿ ಹೊಸಬರನ್ನು ಮೀರಿಸಬಲ್ಲವು. ಒಂದು ಹೊಲದಲ್ಲಿ ಫಲ ಕಂಡು ಪಕ್ಕದ ಹೊಲದಲ್ಲಿ ಕಾಣದಿರುವುದಕ್ಕೆ ಇದೂ ಒಂದು ಕಾರಣ. ಆದರೆ ಇಲ್ಲಿಯೂ ಗೊಬ್ಬರಕ್ಕಿಂತ ಹೆಪ್ಪೇ ಮೇಲು: ಗೊಬ್ಬರವು ಫಲಿಸದಿದ್ದರೆ ರೈತನು ಮಾರಿದವನನ್ನು ಬೈಯುವನು; ಹೆಪ್ಪು ಕೂಡದಿದ್ದರೆ ಹೆಪ್ಪು ಹಳತೋ, ಹಾಲು ಎಂಥದೋ ಎಂದು ಎರಡನ್ನೂ ನೋಡುವನು.