ಮಿದುಳನ್ನು ಕಾಪಿಟ್ಟ ಕೈಗಳು

ಜಯನಗರದ ಮಗ್ಗುಲಲ್ಲೇ ಇರುವ ನಿಮ್ಹಾನ್ಸ್‌ನ ಮಿದುಳು ಸಂಗ್ರಹಾಲಯಕ್ಕೆ ಬಂದವರು ರೋಗಗಳ ಗುರುತು ಹುಡುಕುತ್ತಾರೆ. ನನ್ನ ಕಣ್ಣು ಮಾತ್ರ ಆ ಮಾದರಿಗಳನ್ನು ಸಿದ್ಧಪಡಿಸಿದ ಕೈಚಳಕದ ಮೇಲೇ ನಿಲ್ಲುತ್ತದೆ.

ಬುರುಡೆಯಿಂದ ಆಗಷ್ಟೇ ತೆಗೆದ ಮಿದುಳು ಸುಮಾರು 1,300 ಗ್ರಾಂ ತೂಗುತ್ತದೆ, ಬೆಣ್ಣೆಯಷ್ಟು ಮೆದು. ತಟ್ಟೆಯಲ್ಲಿಟ್ಟರೆ ತನ್ನ ಭಾರಕ್ಕೆ ತಾನೇ ಚಪ್ಪಟೆಯಾದೀತು. ಅದಕ್ಕೇ ತಳಭಾಗದ ಬೇಸಿಲಾರ್ ಅಪಧಮನಿಯಡಿ ದಾರ ತೂರಿಸಿ, ಫಾರ್ಮಲಿನ್‌ನಲ್ಲಿ ತಲೆಕೆಳಗಾಗಿ ತೂಗುಬಿಡುವುದು ಈ ವಿದ್ಯೆಯ ಹಳೆಯ ಪಾಠ. ಎರಡು ಮೂರು ವಾರಗಳಲ್ಲಿ ಅಂಗಾಂಶ ಗಟ್ಟಿಯಾಗುತ್ತದೆ. ಆಮೇಲೆ ಉದ್ದನೆಯ ಅಲಗು, ಒಂದೇ ಎಳೆತ. ಹಿಂದೆ ಮುಂದೆ ಆಡಿಸಿದರೆ ಗೀರು ಉಳಿದುಬಿಡುತ್ತದೆ.

ಹಾಗೆ ಸೀಳಿದ ಬಿಲ್ಲೆಯಲ್ಲಿ ಅಂಚಿಗೆ ಕೆಲವೇ ಮಿಲಿಮೀಟರ್ ದಪ್ಪದ ಬೂದು ಕಾರ್ಟೆಕ್ಸ್, ಒಳಗೆ ಕೆನೆಬಣ್ಣದ ನರತಂತು, ಎರಡು ಅರ್ಧಗೋಳಗಳನ್ನು ಬೆಸೆದ ಕಾರ್ಪಸ್ ಕಲೋಸಮ್, ಕೆಳಗೆ ಸುರುಳಿಸುತ್ತಿದ ಹಿಪೊಕ್ಯಾಂಪಸ್. ಬಾಯಿಪಾಠ ಮಾಡಿದ ಹೆಸರುಗಳಿಗೆಲ್ಲ ಇಲ್ಲಿ ಜಾಗ ಸಿಗುತ್ತದೆ. ಕಿರುಮೆದುಳಿನಲ್ಲಿ ಕವಲೊಡೆದ ಬಿಳಿಯ ಆರ್ಬರ್ ವೀಟೆಯ ಒಂದು ಟಿಸಿಲೂ ಹರಿದಿಲ್ಲ. ಎಂಥ ಕೈ ಅದು!

ಇಲ್ಲಿನ ಮಿದುಳು ಬ್ಯಾಂಕನ್ನು 1995ರಲ್ಲಿ ಕಟ್ಟಿದವರು ಡಾ. ಎಸ್.ಕೆ. ಶಂಕರ್. ಕುಟುಂಬಗಳು ಒಪ್ಪಿ ಕೊಟ್ಟ ದಾನದಿಂದ ಅದು ಬೆಳೆದಿದೆ. ಸಾಮಾನ್ಯ ಜನರಿಗೂ ಕೈಗವಸು ತೊಡಿಸಿ, ನಿಜವಾದ ಮಿದುಳನ್ನೇ ಅಂಗೈಗೆ ಕೊಡುವ ಇಲ್ಲಿನವರ ಧಾರಾಳತನ, ಆ ಅಲಗಿನ ನೈಪುಣ್ಯಕ್ಕಿಂತಲೂ ಒಂದು ಕೈ ಮೇಲು.