ಭಕ್ತ ವಿದುರನ ಟೊಪ್ಪಿಗೆ

1921ರಲ್ಲಿ ಮುಂಬಯಿಯ ಕೋಹಿನೂರ್ ಫಿಲ್ಮ್ ಕಂಪನಿಯು ನಿರ್ಮಿಸಿದ ‘ಭಕ್ತ ವಿದುರ’ ಎಂಬ ಮೂಕಚಿತ್ರವು ಇಂದು ನೋಡಲು ದೊರೆಯದು. ಉಳಿದಿರುವುದು ಅದರ ನಿಷೇಧದ ಕಥೆ. ಕಾಂಜಿಭಾಯಿ ರಾಠೋಡರು ನಿರ್ದೇಶಿಸಿದ ಆ ಚಿತ್ರದಲ್ಲಿ ಕಂಪನಿಯ ಒಡೆಯರಾದ ದ್ವಾರಕಾದಾಸ ಸಂಪತ್ ತಾವೇ ವಿದುರನಾಗಿ, ಗಾಂಧಿ ಟೊಪ್ಪಿಗೆ, ಖಾದಿ ಅಂಗಿ ತೊಟ್ಟು ತೆರೆಯ ಮೇಲೆ ಬಂದರು. ಮಾತಿಲ್ಲದ ಚಿತ್ರಕ್ಕೆ ಉಡುಪೇ ಮಾತಾಯಿತು. ಪ್ರೇಕ್ಷಕನಷ್ಟೇ ಚೆನ್ನಾಗಿ ಸರಕಾರವೂ ಅದನ್ನು ಓದಿಕೊಂಡಿತು. ಅಸಹಕಾರಕ್ಕೆ ಪ್ರಚೋದಿಸುತ್ತದೆಂದು ಕರಾಚಿ, ಮದರಾಸುಗಳಲ್ಲಿ ಪ್ರದರ್ಶನವನ್ನು ತಡೆಯಲಾಯಿತು.

ನಾಟಕದ ದೃಷ್ಟಿಯಿಂದ ಈ ವೇಷವು ದೌರ್ಬಲ್ಯವೇ ಸರಿ: ಪಾತ್ರ ಬೆಳೆಯುವ ಮೊದಲೇ ತೀರ್ಪು ತಲೆಯ ಮೇಲೆ ಕುಳಿತಿರುತ್ತದೆ. ಆದರೆ ಚಿತ್ರದ ರಾಜಕೀಯವೆಲ್ಲ ಟೊಪ್ಪಿಗೆಯಲ್ಲೇ ಇತ್ತೆನ್ನುವವರು ಪಾತ್ರದ ಆಯ್ಕೆಯನ್ನು ಮರೆಯುತ್ತಾರೆ. ಗಾಂಧೀಜಿಯವರೇ ಮೆಚ್ಚಿದ ಹರಿಶ್ಚಂದ್ರನಿದ್ದ, ಪ್ರಹ್ಲಾದನಿದ್ದ. ವಿದುರನಾದರೋ ಅರಸನ ಅನ್ನ ಉಂಡ ಮಂತ್ರಿ. ಗದುಗಿನ ಭಾರತದ ಉದ್ಯೋಗಪರ್ವವನ್ನು ಬಲ್ಲ ಕನ್ನಡಿಗನಿಗೆ ಇದರ ಮರ್ಮ ಕೂಡಲೇ ಹೊಳೆದೀತು. ಕೃಷ್ಣನಿಗೆ ಆತಿಥ್ಯವಿತ್ತನೆಂದು ಕೌರವನು ಹಳಿದಾಗ ಕುಮಾರವ್ಯಾಸನ ವಿದುರನು ತನ್ನ ಬಿಲ್ಲನ್ನೇ ಮುರಿದುಬಿಡುತ್ತಾನೆ. ಭಾಗವತದ ವಿದುರನು ಬಿಲ್ಲನ್ನು ಬಾಗಿಲಲ್ಲಿಟ್ಟು ತೀರ್ಥಯಾತ್ರೆಗೆ ಹೊರಡುತ್ತಾನೆ. ಎರಡೂ ರಾಜಸೇವೆಯ ತ್ಯಾಗವೇ. ಬಿರುದುಗಳನ್ನು ಹಿಂದಿರುಗಿಸಿರಿ, ಸರಕಾರಿ ಶಾಲೆ ನ್ಯಾಯಾಲಯಗಳನ್ನು ತೊರೆಯಿರಿ ಎಂದು 1920ರ ಕಾಂಗ್ರೆಸ್ಸು ಕೇಳಿದ್ದೂ ಇದೇ ಜಾತಿಯ ತ್ಯಾಗವನ್ನು.

ನಿಷೇಧದ ಆಜ್ಞೆ ಹೊರಟ ಕಛೇರಿಗಳಲ್ಲಿ ಕುಳಿತ ಗುಮಾಸ್ತರು ಈ ವಿದುರನ ಕಥೆಯನ್ನು ಬಾಲ್ಯದಿಂದ ಕೇಳಿ ಬೆಳೆದವರು. ಟೊಪ್ಪಿಗೆಯ ದೃಶ್ಯಗಳನ್ನೆಲ್ಲ ಕತ್ತರಿಸಿದ್ದರೂ ಅವರಿಗೆ ಅರ್ಥವಾಗದೆ ಇರುತ್ತಿರಲಿಲ್ಲ.